ಬಸಿಗಾಲುವೆಯ ಕೆಂಪು ಲೋಳೆ

ಹಿಂದಿನ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತ, "ಕಲ್ಲಾಗುವ ಕೆಲಸದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಕೈಯೂ ಇದೆ" ಎಂದು ಒಂದು ಸಾಲು ಹೇಳಿ ಮುಂದೆ ಹೋಗಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ಈ ವರ್ಷ ಇನ್ನಾವುದಕ್ಕೂ ಬರಲಿಲ್ಲ. 31 ವರ್ಷ ಶಿವಮೊಗ್ಗದಲ್ಲಿ ಭೂವಿಜ್ಞಾನ ಪಾಠ ಹೇಳಿದವಳಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಈ ಸಲದ ಪುಟ ಪೂರ್ತಿ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ದೀಪಾವಳಿ ಕಳೆದು ನೀರು ಇಳಿಯುತ್ತಿದ್ದಂತೆ ನಮ್ಮ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ. ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ. ಡೀಸೆಲ್ ಸೋರಿದೆ ಅಂತ ನಮ್ಮ ಮನೆಯವರು, ನೆಲದಡಿ ಎಣ್ಣೆ ಇದೆ ಅಂತ ಮೈದುನ. ಆದರೆ ನಮ್ಮದು ಕರೆಂಟ್ ಪಂಪು. ಇದೇನು? ದನಗಳಿಗೆ, ಮರಗಳಿಗೆ ತೊಂದರೆಯೇ?
— ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲ್ಲೂಕು

ಉತ್ತರ: ತಂಗಿ, ಮೊದಲು ಒಂದು ಕಡ್ಡಿ ತಗೊಂಡು ಆ ಪೊರೆಯನ್ನು ಚುಚ್ಚಿ. ಎಣ್ಣೆಯಾದರೆ ಕಡ್ಡಿ ಸರಿದ ಕೂಡಲೇ ಹರಡಿ ಮತ್ತೆ ಕೂಡಿಕೊಳ್ಳುತ್ತದೆ. ನಿಮ್ಮ ಕಾಲುವೆಯದು ಹಾಗೆ ಕೂಡುವುದಿಲ್ಲ. ತೆಳು ಗಾಜು ಒಡೆದಂತೆ ಚೂರುಚೂರಾಗಿ, ಚೂರುಗಳು ತಮ್ಮ ಅಂಚು ಉಳಿಸಿಕೊಂಡೇ ತೇಲುತ್ತವೆ. ಅದು ಕಬ್ಬಿಣದ ತುಕ್ಕಿನ ಪೊರೆ. ಬೆಳಕಿಗೆ ಬಣ್ಣ ಹೊಡೆಯುವುದು ಅದು ಅಷ್ಟು ತೆಳ್ಳಗಿರುವುದರಿಂದ. ಕೆಳಗಿನ ಲೋಳೆಯಲ್ಲೂ ಅದೇ ತುಕ್ಕಿದೆ, ಜೊತೆಗೆ ಅದನ್ನು ಮಾಡಿದ ಬ್ಯಾಕ್ಟೀರಿಯಾಗಳಿವೆ.

ನಮ್ಮ ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ತುಕ್ಕಿನ ರೂಪದಲ್ಲಿರುವ ಕಬ್ಬಿಣ ನೀರಿಗೆ ಕರಗುವುದಿಲ್ಲ, ಮಣ್ಣಿಗೆ ಅಂಟಿಕೊಂಡೇ ಇರುತ್ತದೆ. ಮಳೆಗಾಲದಲ್ಲಿ ತೋಟದ ನೆಲ ನೀರು ಕುಡಿದು ನಿಂತಾಗ ಕೊಳೆಯುವ ಸೊಪ್ಪು, ದರಗು, ಬೇರುಗಳೆಲ್ಲ ಮಣ್ಣಿನೊಳಗಿನ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಆಗ ಅಲ್ಲಿ ಕೆಲಸ ಶುರುಮಾಡುವ ಬ್ಯಾಕ್ಟೀರಿಯಾಗಳಿವೆ. ನಾವು ಗಾಳಿಯಲ್ಲಿ ಉಸಿರಾಡುವಂತೆ ಅವು ತುಕ್ಕಿನಲ್ಲಿ ಉಸಿರಾಡುತ್ತವೆ ಎಂದರೆ ತಪ್ಪಾಗದು: ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ನಾವು ಆಮ್ಲಜನಕಕ್ಕೆ ದಾಟಿಸುತ್ತೇವೆ, ಅವು ಕಬ್ಬಿಣಕ್ಕೆ ದಾಟಿಸುತ್ತವೆ. ಎಲೆಕ್ಟ್ರಾನು ಪಡೆದ ಕಬ್ಬಿಣ ನೀರಲ್ಲಿ ಕರಗುತ್ತದೆ. ಇಂಥ ಜೀವಿಯೊಂದನ್ನು 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಡೆರೆಕ್ ಲವ್ಲಿ ಬೇರ್ಪಡಿಸಿದರು. ಅದರ ಕುಲಕ್ಕೆ ಈಗ ಜಿಯೋಬ್ಯಾಕ್ಟರ್ ಎಂದು ಹೆಸರು. ಅದು ಕಬ್ಬಿಣವನ್ನು ಕರಗಿಸುವುದಷ್ಟೇ ಅಲ್ಲ, ತನ್ನ ಸುತ್ತ ಮ್ಯಾಗ್ನೆಟೈಟ್ ಎಂಬ ಕಪ್ಪು ಖನಿಜವನ್ನೂ ಉಂಟುಮಾಡುತ್ತದೆ. ಅಯಸ್ಕಾಂತಕ್ಕೆ ಅಂಟುವ ಖನಿಜ ಅದು.

ಕರಗಿದ ಕಬ್ಬಿಣ ಹೊತ್ತ ನೀರು ಬಣ್ಣವಿಲ್ಲದ ತಿಳಿನೀರು. ಅದು ನಿಮ್ಮ ಬಸಿಗಾಲುವೆಯ ಗೋಡೆಯಿಂದ ಒಸರಿ ಗಾಳಿ ಕಂಡ ಜಾಗದಲ್ಲಿ ಎರಡನೇ ಬಳಗ ಕಾದು ಕೂತಿರುತ್ತದೆ, ಗ್ಯಾಲಿಯೊನೆಲ್ಲಾ ಮತ್ತು ಲೆಪ್ಟೋಥ್ರಿಕ್ಸ್. ಇವುಗಳ ಕೆಲಸ ಮೊದಲಿನವುಗಳಿಗೆ ತಿರುವುಮುರುವು. ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಕೂಡಿಸಿ ಮತ್ತೆ ತುಕ್ಕು ಮಾಡುತ್ತವೆ. ಗ್ಯಾಲಿಯೊನೆಲ್ಲಾಗೆ ಬದುಕಲು ಬೇಕಾದ ಶಕ್ತಿ ಸಿಗುವುದೇ ಅದರಿಂದ. ಒಂದೊಂದು ಸಲಕ್ಕೆ ಸಿಗುವ ಶಕ್ತಿ ಬಹಳ ಕಡಿಮೆಯಾದ್ದರಿಂದ ಚಿಟಿಕೆಯಷ್ಟು ಮೈ ಬೆಳೆಸಲು ರಾಶಿ ಕಬ್ಬಿಣ ತಿರುವಿ ಹಾಕಬೇಕು. ನಿಮಗೆ ಅಷ್ಟೊಂದು ಲೋಳೆ ಕಾಣುವುದು ಅದಕ್ಕೇ.

ಇಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಗಾಳಿ ಚೆನ್ನಾಗಿ ಬೆರೆತ ನೀರಿನಲ್ಲಿ ಕಬ್ಬಿಣ ಯಾರ ಸಹಾಯವೂ ಇಲ್ಲದೆ ನಿಮಿಷಗಳಲ್ಲಿ ತಾನೇ ತುಕ್ಕಾಗುತ್ತದೆ. ಅಲ್ಲಿ ಈ ಜೀವಿಗೆ ತುತ್ತು ಉಳಿಯುವುದಿಲ್ಲ. ಗಾಳಿಯೇ ಇಲ್ಲದ ಕಡೆಯಾದರೆ ಕೂಡಿಸಲು ಆಮ್ಲಜನಕವೇ ಇಲ್ಲ. ಹಾಗಾಗಿ ಅದು ಎರಡರ ನಡುವಿನ ಗಡಿಯಲ್ಲೇ ಬಾಳುತ್ತದೆ, ಆಮ್ಲಜನಕ ಇದ್ದೂ ಇಲ್ಲದಂತಿರುವ ಒಸರಿನ ಬಾಯಲ್ಲಿ. ಹುಟ್ಟುವ ತುಕ್ಕು ಮೈಗೇ ಮೆತ್ತಿದರೆ ಅದು ಬದುಕಿದ್ದಂತೆಯೇ ಸಮಾಧಿ. ಅದಕ್ಕೆ ಹುರುಳಿಕಾಳಿನ ಆಕಾರದ ಈ ಜೀವಿ ತನ್ನ ಮಗ್ಗುಲಿನಿಂದ ಹುರಿ ಹೊಸೆದಂತಹ ಎಳೆಯೊಂದನ್ನು ಬಿಡುತ್ತ ಹೋಗುತ್ತದೆ. ತುಕ್ಕೆಲ್ಲ ಆ ಎಳೆಗೆ ಹತ್ತಿ, ಜೀವಿ ಅದರ ತುದಿಯಲ್ಲಿ ಚೊಕ್ಕಟವಾಗಿ ಉಳಿಯುತ್ತದೆ. ಜರ್ಮನಿಯ ವಿಜ್ಞಾನಿ ಎಹ್ರೆನ್‌ಬರ್ಗ್ 1836ರಷ್ಟು ಹಿಂದೆಯೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಹೆಸರಿಟ್ಟಿದ್ದರು. ಹುರಿಯ ಆಕಾರವೇ ಸಾಕ್ಷಿ: ಬರೀ ಗಾಳಿಯಿಂದ ಆದ ತುಕ್ಕು ಹೀಗೆ ಹೊಸೆದುಕೊಳ್ಳುವುದಿಲ್ಲ.

ಇನ್ನು ದನ, ಮರದ ವಿಷಯ. ಈ ಲೋಳೆ ವಿಷವಲ್ಲ. ಆದರೆ ಅದು ನಿಮಗೊಂದು ಸುದ್ದಿ ಹೇಳುತ್ತಿದೆ: ತೋಟದ ನೆಲದಲ್ಲಿ ನೀರು ನಿಂತು ಉಸಿರು ಕಟ್ಟಿದೆ. ಅಡಿಕೆ ಬೇರಿಗೆ ಅದು ಆಗಿಬರುವುದಿಲ್ಲ. ಕಾಲುವೆಯ ಹೂಳು ತೆಗೆಸಿ, ಒಂದಿಷ್ಟು ಆಳ ಮಾಡಿಸಿ, ನೀರು ಹರಿದು ಹೋಗಲಿ. ಕಬ್ಬಿಣ ಇದೆಯೋ ಇಲ್ಲವೋ ನೋಡಬೇಕೆಂದರೆ ಅಡಿಕೆ ಬೇಯಿಸಿದ ಚೊಗರನ್ನು ಆ ನೀರಿಗೆ ನಾಲ್ಕು ಹನಿ ಬಿಡಿ, ಕಪ್ಪಾಗುತ್ತದೆ. ಬೋರಿನ ನೀರಲ್ಲಿ ಮಾಡಿದ ಚಹಾ ಕಪ್ಪಾಗುವುದೂ ಇದೇ ಕಾರಣಕ್ಕೆ.

ತೀರ್ಥಹಳ್ಳಿಯ ನಮ್ಮ ಮನೆಯ ಬೋರ್‌ವೆಲ್ ಆರನೇ ವರ್ಷಕ್ಕೆ ನೀರೆತ್ತದೆ ಹೋಯಿತು. ಮೋಟಾರು ಸುಟ್ಟಿದೆ ಎಂದು ಹೊಸದು ಹಾಕಿಸಿದೆವು, ಆಗಲೂ ನೀರು ಬರಲಿಲ್ಲ. ಪೈಪು ಎಳೆಸಿ ನೋಡಿದರೆ ಒಳಗೆ ಕಂದು ಬಣ್ಣದ ಗಟ್ಟಿ ಪದರ ಕಟ್ಟಿ ನನ್ನ ಕಿರುಬೆರಳು ಹೋಗುವಷ್ಟೂ ಜಾಗ ಉಳಿದಿರಲಿಲ್ಲ. ನೆಲದಡಿಯ ಗಾಳಿಯಿಲ್ಲದ ನೀರು ಗಾಳಿ ತಾಗುವ ಕಡೆ ಬಂದಿದ್ದೇ ಆ ಜೀವಿಗಳಿಗೆ ಮನೆ ಸಿಕ್ಕಿತ್ತು. ಆ ಪೈಪಿನ ಒಂದು ಗೇಣು ತುಂಡನ್ನು ಕೊಯ್ಸಿ ಇಟ್ಟುಕೊಂಡಿದ್ದೇನೆ. ಆರು ವರ್ಷದಲ್ಲಿ ಬೆಳೆದ ಕಲ್ಲು ಅದು, ಉಗುರಲ್ಲಿ ಕೆರೆದರೆ ಬರುವುದಿಲ್ಲ. ಈಗ ನಾವು ನೀರನ್ನು ತೊಟ್ಟಿಗೆ ನೇರ ಬಿಡದೆ, ಎತ್ತರದಿಂದ ಜಲ್ಲಿಯ ಮೇಲೆ ಬೀಳಿಸಿ, ಮರಳಿನಲ್ಲಿ ಸೋಸಿ ಬಿಡುತ್ತೇವೆ. ತುಕ್ಕೆಲ್ಲ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಜಂಬಿಟ್ಟಿಗೆ ಕಲ್ಲು ನೆಲದಲ್ಲಿ ಬೆಳೆಯುತ್ತದೆ ಅಂತ ನಮ್ಮಜ್ಜ ಹೇಳುತ್ತಿದ್ದರು. ನಾನು ಕಲ್ಲು ಕಡಿಯುವ ಕೆಲಸದವನು. ತೆಗೆಯುವಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದು ನೋಡಿದ್ದೇನೆ. ಬೆಳೆಯುವುದು ನಿಜವೇ?
— ಸಾಗರ

ಉತ್ತರ: ನಿಮ್ಮಜ್ಜನ ಮಾತನ್ನು ತಳ್ಳಿಹಾಕಲಾರೆ. ಬಿದಿರು ಬೆಳೆದಂತೆ ಅಲ್ಲ, ಆದರೆ ಆ ಕಲ್ಲಿನೊಳಗೆ ಕಬ್ಬಿಣ ಓಡಾಡುವುದು ನಿಜ.

ನಾಲ್ಕು ತಿಂಗಳು ಜಡಿಮಳೆ, ಆಮೇಲೆ ಒಣ ಬಿಸಿಲು. ವರ್ಷ ವರ್ಷ ಇದೇ ನಡೆದು, ಲಕ್ಷಾಂತರ ವರ್ಷಗಳಲ್ಲಿ ಮೂಲ ಬಂಡೆಯ ಸಿಲಿಕ, ಸುಣ್ಣ, ಪೊಟ್ಯಾಶ್ ಎಲ್ಲ ತೊಳೆದು ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದದ್ದು ನಿಮ್ಮ ಕಲ್ಲು. ಈ ತೊಳೆಯುವಿಕೆ ಬಹುಪಾಲು ನೀರಿನ ಕೆಲಸ. ಎಲ್ಲವನ್ನೂ ಜೀವಿಗಳ ಲೆಕ್ಕಕ್ಕೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನೀರು ನಿಂತಾಗ ಕಬ್ಬಿಣ ಕರಗಿಸುವವರು, ಒಣಗುವಾಗ ಕಟ್ಟುವವರು, ಮೇಲೆ ಹೇಳಿದ ಎರಡೂ ಬಳಗ ಈ ಕಲ್ಲಿನ ತೂತುಗಳಲ್ಲೂ ಇವೆ. ಕರಗಿದ ಕಬ್ಬಿಣ ಒಂದು ಕಡೆಯಿಂದ ಸರಿದು ಇನ್ನೊಂದು ಕಡೆ ಗೊಯಥೈಟ್, ಹೆಮಟೈಟ್ ಎಂಬ ಕಬ್ಬಿಣದ ಖನಿಜಗಳಾಗಿ ಕೂರುತ್ತದೆ. ನೀವು ಕಡಿಯುವಾಗ ಹಳದಿ, ಕೆಂಪು, ಕಂದು ಮಚ್ಚೆಗಳು ಪಕ್ಕಪಕ್ಕ ಕಾಣುವುದು ಇದರಿಂದ. ತೆಗೆದ ಮೇಲೆ ಗಟ್ಟಿಯಾಗುವುದು ಮಾತ್ರ ಒಣಗುವಿಕೆ: ನೀರು ಬಿಟ್ಟು ಹೋಗಿ ಕಬ್ಬಿಣದ ಖನಿಜಗಳ ಹರಳು ಬಿಗಿಯುತ್ತದೆ.

ಇನ್ನೊಂದು ಮಾತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ನಮ್ಮ ಬಿದನೂರು ನಗರ, ಇಕ್ಕೇರಿ ಕಡೆಯೆಲ್ಲ ಸುತ್ತಿ ಹೋದವನು. ಕೇರಳದ ಅಂಗಡಿಪುರಂನಲ್ಲಿ ಈ ಕಲ್ಲು ಕಂಡು, ಲ್ಯಾಟಿನ್‌ನಲ್ಲಿ ಇಟ್ಟಿಗೆಗಿರುವ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಿಮ್ಮ ಕಸುಬಿನವರ ಮಾತಿನಲ್ಲೂ ಅದೇ ಇಟ್ಟಿಗೆ ಕೂತಿದೆ ನೋಡಿ.

ಪ್ರಶ್ನೆ: ಅಜ್ಜಿ, ನಮ್ಮೂರ ಹತ್ತಿರ ಹಳೇ ಮ್ಯಾಂಗನೀಸ್ ಗಣಿ ಇದೆ. ಅಲ್ಲಿಯ ಕರಿಕಲ್ಲು ಹಿಡಿದರೆ ಕೈಗೆ ಮಸಿ ಹತ್ತುತ್ತದೆ. ಅದನ್ನೂ ಬ್ಯಾಕ್ಟೀರಿಯಾ ಮಾಡಿದ್ದಾ? ನಮ್ಮ ಕಡೆ ಪಳೆಯುಳಿಕೆ ಸಿಗುತ್ತಾ?
— 9ನೇ ತರಗತಿ, ಕುಂಸಿ

ಉತ್ತರ: ಮರಿ, ನಿನ್ನ ಎರಡೂ ಪ್ರಶ್ನೆ ಚಿನ್ನದಂಥವು.

ಕುಂಸಿಯ ಮ್ಯಾಂಗನೀಸ್ ಮೊದಲು ಬಹು ಹಳೆಯ ಸಮುದ್ರದ ಕೆಸರಿನ ಜೊತೆ ಇಳಿದದ್ದು. ಆಮೇಲೆ ಮಳೆ ಬಿಸಿಲಿಗೆ ಮೇಲಿನ ಪದರ ಕೊಳೆತು ಅದಿರು ಗಟ್ಟಿಗೊಂಡಿತು. ನಿನ್ನ ಕೈಯ ಆ ತುಂಡನ್ನೇ ಬ್ಯಾಕ್ಟೀರಿಯಾ ಕಟ್ಟಿತು ಅಂತ ನಾನು ಹೇಳುವುದಿಲ್ಲ. ಆದರೆ ಬ್ಯಾಕ್ಟೀರಿಯಾಗಳು ಮ್ಯಾಂಗನೀಸನ್ನು ಕರಿ ಖನಿಜ ಮಾಡುವುದಂತೂ ಖಂಡಿತ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಜೇರೆಡ್ ಲೆಡ್‌ಬೆಟರ್ ಎಂಬ ವಿಜ್ಞಾನಿ ಮ್ಯಾಂಗನೀಸಿನ ತಿಳಿಬಣ್ಣದ ಸಂಯುಕ್ತ ಮೆತ್ತಿದ್ದ ಒಂದು ಗಾಜಿನ ಜಾಡಿಯನ್ನು ತೊಳೆಯಲು ನಲ್ಲಿನೀರು ತುಂಬಿ ಸಿಂಕಿನಲ್ಲಿಟ್ಟು ಬೇರೆ ಊರಿಗೆ ಕೆಲಸಕ್ಕೆ ಹೋದರು. ಕೆಲವು ತಿಂಗಳ ಮೇಲೆ ಬಂದು ನೋಡಿದರೆ ಜಾಡಿಯ ಒಳಗೋಡೆ ಕಪ್ಪಾಗಿದೆ! ತಿಕ್ಕಿ ತೊಳೆದು ಎಸೆಯದೆ, ಯಾಕೆ ಹೀಗಾಯಿತು ಅಂತ ಕೇಳಿದರು. ಅವರೂ ಹಾಂಗ್ ಯೂ ಎಂಬ ಸಹೋದ್ಯೋಗಿಯೂ ಹುಡುಕಿದಾಗ ಸಿಕ್ಕಿದ್ದು ಮ್ಯಾಂಗನೀಸಿನಿಂದಲೇ ಶಕ್ತಿ ಪಡೆದು ಬೆಳೆಯುವ ಬ್ಯಾಕ್ಟೀರಿಯಾ. ಅಂಥವು ಇರಬೇಕೆಂದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಊಹೆಯಿತ್ತು, ತೋರಿಸಿದವರಿರಲಿಲ್ಲ. 2020ರಲ್ಲಿ ಅದು ಪ್ರಕಟವಾಯಿತು.

ಪಳೆಯುಳಿಕೆಯ ಮಾತು. ಎಲುಬು, ಚಿಪ್ಪು ನಿನಗೆ ಸಿಗುವುದಿಲ್ಲ, ಶಿವಮೊಗ್ಗ ಪಟ್ಟಿಯ ಕಲ್ಲುಗಳ ಕಾಲಕ್ಕೆ ಎಲುಬಿನ ಪ್ರಾಣಿಯೇ ಇರಲಿಲ್ಲ. ಆದರೆ ಅದಕ್ಕಿಂತ ಹಳೆಯ ಕುರುಹು ಇದೆ. ನಾನು ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಗುರುಗಳು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಒಂದು ಬೂದು ಬಣ್ಣದ ಡೋಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲು) ಬಂಡೆಯ ಮುಂದೆ ನಿಲ್ಲಿಸಿದರು. ನಮಗೆ ಏನೂ ಕಾಣಲಿಲ್ಲ. ಅವರು ತಮ್ಮ ಕುಡಿಯುವ ನೀರಿನ ಬಾಟಲಿಯನ್ನು ಬಂಡೆಯ ಮೇಲೆ ಬಗ್ಗಿಸಿದರು. ಒದ್ದೆಯಾದ ಕಡೆ ಗೆರೆಗಳು ಎದ್ದವು, ಒಂದರ ಮೇಲೊಂದು ಕವುಚಿಟ್ಟ ಬಟ್ಟಲುಗಳ ಹಾಗೆ, ಈರುಳ್ಳಿ ಕೊಯ್ದ ಹಾಗೆ. "ಇದು ಕಲ್ಲಲ್ಲ, ಮನೆ" ಅಂದರು. ಸುಮಾರು 260 ಕೋಟಿ ವರ್ಷದ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳ ಚಾಪೆ ಹಾಸಿಕೊಂಡು, ಅದರ ಅಂಟಿಗೆ ಕೆಸರು ಹಿಡಿದು, ಅದರ ಮೇಲೆ ಇನ್ನೊಂದು ಚಾಪೆ ಬೆಳೆದು ಆದದ್ದು. ಸ್ಟ್ರೊಮೆಟೊಲೈಟ್ ಎನ್ನುತ್ತಾರೆ. ಇಂಥವು ಇವತ್ತಿಗೂ ಬೆಳೆಯುತ್ತಿರುವ ಜಾಗ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿ. ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆದರೂ ಹೆಚ್ಚು.

ಆ ಚಾಪೆ ಸುಣ್ಣ ಕಟ್ಟುವ ಬಗೆ ಹೀಗೆ. ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವ ಜೀವಿ ನೀರಿನಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡರೆ ಅದರ ಸುತ್ತಲ ನೀರಿನ ಹುಳಿ ಇಳಿಯುತ್ತದೆ. ಹುಳಿ ಇಳಿದ ನೀರಿನಲ್ಲಿ ಸುಣ್ಣ ಕರಗಿ ನಿಲ್ಲಲಾರದು, ಹರಳಾಗಿ ಕೂರುತ್ತದೆ. ಜೀವಿಯ ಮೈಗೆ, ಅಂಟಿಗೆ ಋಣ ವಿದ್ಯುದಂಶ ಇರುವುದರಿಂದ ಕ್ಯಾಲ್ಸಿಯಂ ಅಲ್ಲಿಗೇ ಬಂದು ಹತ್ತುತ್ತದೆ. ಡೋಲೊಮೈಟ್ ಇನ್ನೂ ಕಷ್ಟದ ಗಿರಾಕಿ. ಮೆಗ್ನೀಸಿಯಂ ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಲಿಂಟನ್ ಲ್ಯಾಂಡ್ ಎಂಬವರು 25 ಡಿಗ್ರಿ ಶಾಖದಲ್ಲಿ ಡೋಲೊಮೈಟ್ ಹರಳು ಬೆಳೆಸಲು 32 ವರ್ಷ ಕಾದು, ಆಗಲಿಲ್ಲ ಎಂದು 1998ರಲ್ಲಿ ಬರೆದರು. ಅದಕ್ಕೆ ಮೂರು ವರ್ಷ ಮೊದಲೇ, 1995ರಲ್ಲಿ, ಬ್ರೆಜಿಲ್‌ನ ಲಗೋವಾ ವರ್ಮೆಲ್ಯ ಎಂಬ ಉಪ್ಪುಹಿನ್ನೀರಿನ ಕೆಸರಿನ ಬ್ಯಾಕ್ಟೀರಿಯಾಗಳನ್ನು ಇಟ್ಟುಕೊಂಡು ಕ್ರಿಸೋಗೊನೊ ವಾಸ್ಕೊನ್ಸೆಲೊಸ್, ಜುಡಿತ್ ಮೆಕೆಂಜಿ ಮತ್ತು ಜೊತೆಯವರು ಪ್ರಯೋಗಾಲಯದಲ್ಲಿ ಕಡಿಮೆ ಶಾಖದಲ್ಲೇ ಡೋಲೊಮೈಟ್ ಪಡೆದಿದ್ದರು.

ನೋಡಲು ಹೋದರೆ ನೀರಿನ ಬಾಟಲಿ ತಗೊಂಡು ಹೋಗು, ಸುತ್ತಿಗೆ ಬೇಡ.

ಪ್ರಶ್ನೆ: ಭದ್ರಾವತಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ನಾನು. ಕೆಮ್ಮಣ್ಣುಗುಂಡಿಯ ಅದಿರು, ಕುದುರೆಮುಖದ ಬೆಟ್ಟ ಇವೆಲ್ಲ ಕ್ರಿಮಿಗಳು ಮಾಡಿದ್ದು ಎಂದರೆ ನಂಬುವುದು ಹೇಗೆ ಮೇಡಂ?
— ಭದ್ರಾವತಿ

ಉತ್ತರ: ನಂಬಬೇಡಿ, ಕಲ್ಲನ್ನು ನೋಡಿ. ಬಾಬಾಬುಡನ್ ಗಿರಿಯ, ಕುದುರೆಮುಖದ ಕಬ್ಬಿಣದ ಕಲ್ಲಿನಲ್ಲಿ ಒಂದು ಗೆರೆ ಕಬ್ಬಿಣ, ಒಂದು ಗೆರೆ ಬೆಣಚು, ಸೀರೆಯ ಪಟ್ಟೆಯ ಹಾಗೆ. ಅದು ಸಮುದ್ರದ ತಳದಲ್ಲಿ ಪದರ ಪದರವಾಗಿ ಇಳಿದದ್ದು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ಅದು ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ, ನಮ್ಮ ಕಲ್ಲುಗಳು ಅದಕ್ಕಿಂತ ಹಳೆಯವು. ಹಾಗಾಗಿ ಸಮುದ್ರದ ತುಂಬ ಕರಗಿದ ಕಬ್ಬಿಣವಿತ್ತು, ನಮ್ಮ ತೋಟದ ಒಸರಿನ ನೀರಿನಂತೆ. ಅದನ್ನು ತುಕ್ಕು ಮಾಡಿ ತಳಕ್ಕೆ ಇಳಿಸಿದವರು ಯಾರು?

ಎರಡು ದಾರಿ ಹೇಳುತ್ತಾರೆ. ಸಯನೋಬ್ಯಾಕ್ಟೀರಿಯಾಗಳು ಬಿಸಿಲಲ್ಲಿ ಬಿಟ್ಟ ಆಮ್ಲಜನಕ ಅಲ್ಲಲ್ಲೇ ಕಬ್ಬಿಣಕ್ಕೆ ತಾಗಿತು ಎಂಬುದು ಒಂದು. ಇನ್ನೊಂದು, ಆಮ್ಲಜನಕವೇ ಬೇಡದೆ ಬೆಳಕು ಮತ್ತು ಕಬ್ಬಿಣವನ್ನು ನೇರ ಬಳಸಿಕೊಳ್ಳುವ ಬ್ಯಾಕ್ಟೀರಿಯಾಗಳು. ಇಂಥವು ಇವೆ ಎಂದು ಫ್ರೀಡ್ರಿಕ್ ವಿಡೆಲ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿಕೊಟ್ಟರು. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ, ಏಕೆಂದರೆ ಅಷ್ಟು ಹಳೆಯ ಕಾಲಕ್ಕೆ ಅದು ಹೆಚ್ಚು ಒಗ್ಗುತ್ತದೆ. ಕಲ್ಲು ಮುಂದೆ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಹರಳು ಬದಲಾದ್ದರಿಂದ ಜೀವಿಯ ಮೈಯನ್ನು ಅದರಲ್ಲಿ ಹುಡುಕಿ ತೋರಿಸುವುದು ಕಷ್ಟ, ವಾದ ಮುಗಿಯದಿರುವುದು ಅದರಿಂದಲೇ. ಕೆಮ್ಮಣ್ಣುಗುಂಡಿಯ ಒಳ್ಳೆಯ ಅದಿರಿಗೆ ಆಮೇಲಿನ ಮಳೆನೀರಿನ ಋಣವೂ ಇದೆ, ಬೆಣಚನ್ನು ತೊಳೆದು ಕಬ್ಬಿಣ ಉಳಿಸಿದ್ದು ಅದು.

ನೀವು ಕುಲುಮೆಯ ಮುಂದೆ ನಿಂತವರು, ನಿಮಗೆ ಇದು ಬೇಗ ಹಿಡಿಸುತ್ತದೆ. 1918ರಲ್ಲಿ ಕಟ್ಟಲು ಹೊರಟ ಆ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸಲು ತೊಡಗಿದಾಗ ಉರಿಸಿದ್ದು ಮಲೆನಾಡಿನ ಕಾಡುಮರದ ಇದ್ದಿಲನ್ನು. ಅದಿರಿನ ಆಮ್ಲಜನಕವನ್ನು ಇದ್ದಿಲಿನ ಇಂಗಾಲ ಕಿತ್ತುಕೊಂಡು ಹೋಗುವುದೇ ಕುಲುಮೆಯ ಕೆಲಸ. ತೋಟದ ಕೆಸರಿನಲ್ಲಿ ಜಿಯೋಬ್ಯಾಕ್ಟರ್ ಬಳಗವೂ ಕೊಳೆತ ದರಗಿನ ಇಂಗಾಲ ಇಟ್ಟುಕೊಂಡು ಅದೇ ದಿಕ್ಕಿನ ಕೆಲಸ ಮಾಡುತ್ತದೆ, ಬೆಂಕಿಯಿಲ್ಲದೆ. ಲೋಹದವರೆಗೆ ಹೋಗುವ ಶಕ್ತಿ ಅದಕ್ಕಿಲ್ಲ, ಕರಗುವ ಕಬ್ಬಿಣದವರೆಗೆ ಮಾತ್ರ.

ಪ್ರಶ್ನೆ: ಚಿನ್ನವನ್ನೂ ಬ್ಯಾಕ್ಟೀರಿಯಾ ಮಾಡುತ್ತವೆಯೇ? — ಹೊನ್ನಾಳಿ

ಉತ್ತರ: ಹೊನ್ನಿನ ಊರಿನವರು ಕೇಳಬೇಕಾದದ್ದೇ. ಚಿನ್ನವನ್ನು ಹುಟ್ಟಿಸಲಾರವು, ಕರಗಿದ್ದನ್ನು ಕೂಡಿಸಬಲ್ಲವು. ಕರಗಿದ ಚಿನ್ನ ಅವುಗಳಿಗೆ ವಿಷ. ಡೆಲ್ಫ್ಟಿಯಾ ಎಂಬ ಬ್ಯಾಕ್ಟೀರಿಯಾ ಒಂದು ರಾಸಾಯನಿಕ ಬಿಟ್ಟು ಅದನ್ನು ಗಟ್ಟಿ ಚಿನ್ನವಾಗಿಸಿ ಪಾರಾಗುತ್ತದೆ. ಆಸ್ಟ್ರೇಲಿಯಾದ ಚಿನ್ನದ ಕಾಳುಗಳ ಮೇಲೆ ಇಂಥ ಜೀವಿಗಳ ತೆಳುಪದರ ಇರುವುದನ್ನು ಫ್ರಾಂಕ್ ರೀತ್ 2006ರಲ್ಲಿ ತೋರಿಸಿದರು. ಒಡವೆ ಮಾಡಿಸುವಷ್ಟು ಆಗುವುದಿಲ್ಲ.

ಪ್ರಶ್ನೆ: ಇದರಿಂದ ಕಟ್ಟಡದ ಕೆಲಸಕ್ಕೆ ಉಪಯೋಗವಿದೆಯೇ? — ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೊ ಜೊತೆಗೂಡಿ ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಸ್ಪೋರೊಸಾರ್ಸಿನ ಪಾಶ್ಚುರೈ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿದ್ದಾರೆ, 2020ರ ಮಾತು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದಾಗ ಕಾರ್ಬೊನೇಟ್ ಹುಟ್ಟಿ ಕ್ಯಾಲ್ಸಿಯಂ ಜೊತೆ ಕೂಡಿ ಸುಣ್ಣದ ಹರಳಾಗಿ ಕಣಗಳನ್ನು ಬೆಸೆಯುತ್ತದೆ. ಕಾಂಕ್ರೀಟಿನ ಬಿರುಕನ್ನು ಬ್ಯಾಕ್ಟೀರಿಯಾ ಕಟ್ಟುವ ಸುಣ್ಣದಿಂದಲೇ ಮುಚ್ಚಿಸುವ ಕೆಲಸವನ್ನು ನೆದರ್‌ಲ್ಯಾಂಡ್ಸಿನಲ್ಲಿ ಹೆಂಕ್ ಯೊಂಕರ್ಸ್ ಮಾಡಿದ್ದಾರೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಒಂದೇ ಸೂಕ್ಷ್ಮದರ್ಶಕ ಇದೆ. ಮಕ್ಕಳಿಗೆ ಇದನ್ನು ತೋರಿಸಲು ಸಾಧ್ಯವೇ? — ವಿಜ್ಞಾನ ಶಿಕ್ಷಕಿ, ಕೊಪ್ಪ

ಉತ್ತರ: ಒಂದೇ ಸಾಕು. ಕೆಂಪು ಲೋಳೆ ಇರುವ ಒಸರನ್ನು ಮಕ್ಕಳೇ ಹುಡುಕಲಿ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾಲ್ಕು ಗಾಜಿನ ಸ್ಲೈಡಿಗೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ದಾರದ ತುದಿಯನ್ನು ಒಂದು ಗೂಟಕ್ಕೆ ಕಟ್ಟಿ. ನೀರು ಜೋರಾಗಿ ಹರಿಯುವ ಕಡೆ ಬೇಡ, ಒಸರು ಹೊರಬರುವ ಬಾಯಲ್ಲೇ ಇರಲಿ. ಎರಡು ವಾರ ಮುಟ್ಟದೆ ಬಿಟ್ಟು ತೆಗೆಯಿರಿ. ಒಂದು ಬದಿಯನ್ನು ಒರೆಸಿ, ಇನ್ನೊಂದು ಬದಿ ಒದ್ದೆಯಿರುವಾಗಲೇ ಮೇಲೆ ಕವರ್‌ಸ್ಲಿಪ್ ಇಟ್ಟು 400 ಪಟ್ಟು ದೊಡ್ಡದು ಮಾಡಿ ನೋಡಿ. ಬೆಳಕು ಸ್ವಲ್ಪ ಕಡಿಮೆ ಮಾಡಬೇಕು, ಇಲ್ಲವಾದರೆ ಎಲ್ಲ ಬೆಳ್ಳಗೆ ಮುಚ್ಚಿಹೋಗುತ್ತದೆ. ಹಳದಿ ಕಂದು ಬಣ್ಣದ ಸಣ್ಣ ಕೊಳವೆಗಳು ಕಂಡರೆ ಲೆಪ್ಟೋಥ್ರಿಕ್ಸ್ ಕಟ್ಟಿದ ಮನೆ, ಬಹಳಷ್ಟು ಖಾಲಿಯಿರುತ್ತವೆ. ಹುರಿ ಹೊಸೆದ ಎಳೆ ಕಂಡರೆ ಗ್ಯಾಲಿಯೊನೆಲ್ಲಾ. ತುದಿಯ ಜೀವಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಎಳೆಯನ್ನು ಹಿಡಿದು ನಿಧಾನವಾಗಿ ಕೊನೆವರೆಗೆ ಹೋಗಬೇಕು. ಕಂಡ ಮಗು ಅದನ್ನು ಪೆನ್ಸಿಲ್‌ನಲ್ಲಿ ಬರೆಯಲಿ, ನನಗೂ ಒಂದು ಕಳಿಸಿ.